ಮನೆಯ ಸಂಖ್ಯೆ ಬೀದಿಗೆ ಕಾಣಬೇಕೆಂದು ಕಾನೂನೇ ಹೇಳಬೇಕು

ಮನೆಯ ಮುಂದೆ ಸಂಖ್ಯೆ ಹಾಕುವುದು ಮಾಲೀಕರ ಇಚ್ಛೆಗೆ ಬಿಟ್ಟ ವಿಷಯವೆಂದೂ, ಹಾಕಲೇಬೇಕೆಂದು ಒತ್ತಾಯಿಸಲು ತಮ್ಮ ನಿಯಮಗಳಲ್ಲಿ ಅವಕಾಶವಿಲ್ಲವೆಂದೂ ಸ್ಥಳೀಯ ಆಡಳಿತದ ಕಚೇರಿಯಿಂದ ನನ್ನ ಅರ್ಜಿಗೆ ಉತ್ತರ ಬಂದಿದೆ. ಅದನ್ನು ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಗೋಡೆಗೆ ಯಾವ ಬಣ್ಣ ಬಳಿಯಬೇಕು, ಬಾಗಿಲಿಗೆ ಯಾವ ಮರ ಹಾಕಿಸಬೇಕು ಎನ್ನುವುದು ಮಾಲೀಕರ ಇಚ್ಛೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಸಂಖ್ಯೆಯ ವಿಷಯ ಹಾಗಲ್ಲ. ಮನೆಯೊಳಗೆ ವಾಸಿಸುವವರಿಗೆ ತಮ್ಮ ಮನೆ ಯಾವುದೆಂದು ತಿಳಿಯಲು ಸಂಖ್ಯೆ ಬೇಕಾಗಿಲ್ಲ. ಅದು ಬೇಕಾಗುವುದು ಆ ಬೀದಿಗೆ ಹಿಂದೆಂದೂ ಕಾಲಿಡದೆ, ಕತ್ತಲಲ್ಲಿ, ಆತುರದಲ್ಲಿ, ಇನ್ನೊಬ್ಬರ ಕರೆಗೆ ಓಗೊಟ್ಟು ಬರುವ ಅಪರಿಚಿತರಿಗೆ. ಅವರಿಗೆ ದಾರಿ ತೋರಿಸುವ ಹೊಣೆಯನ್ನು ಪ್ರತಿಯೊಬ್ಬ ಮಾಲೀಕರ ಅಭಿರುಚಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಆಡಳಿತವೆನಿಸುವುದಿಲ್ಲ.

ಅರ್ಜಿ ಕೊಡಲು ಕಾರಣವಾದ ಘಟನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ರಾತ್ರಿ ನಮ್ಮ ತಂದೆಯವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಂಬ್ಯುಲೆನ್ಸ್ ಕರೆಸಬೇಕಾಯಿತು. ನಮ್ಮ ಮನೆಯ ಸಂಖ್ಯೆ ಗೇಟಿನ ಪಕ್ಕದ ಕಂಬದ ಮೇಲೆ ದೊಡ್ಡದಾಗಿ, ದೀಪದ ಕೆಳಗೇ ಇದೆ. ವಾಹನ ನಮ್ಮ ಬೀದಿಯ ತಿರುವಿಗೆ ಸಕಾಲದಲ್ಲೇ ಬಂದಿತು. ಆದರೆ ತಿರುವಿನಿಂದ ಮುಂದಕ್ಕೆ ಒಂದು ಮನೆಯ ಮೇಲೂ ಓದಲು ಬರುವಂತಹ ಅಂಕಿ ಇರಲಿಲ್ಲವಾದ್ದರಿಂದ, ಸಂಖ್ಯೆಗಳು ಎಡಕ್ಕೆ ಏರುತ್ತವೆಯೋ ಬಲಕ್ಕೆ ಏರುತ್ತವೆಯೋ ಎಂದು ಚಾಲಕರಿಗೆ ತಿಳಿಯಲಿಲ್ಲ. ಅವರು ವಿರುದ್ಧ ದಿಕ್ಕಿಗೆ ಹೋದರು. ತಾಯಿಯವರೊಬ್ಬರನ್ನೇ ತಂದೆಯವರ ಬಳಿ ಬಿಟ್ಟು ನಾನು ಬೀದಿಗೆ ಓಡಿ, ಕೈಬೀಸಿ, ಕೂಗಿ ಕರೆಯಬೇಕಾಯಿತು. ತಂದೆಯವರು ಬದುಕಿದರು. ಬದುಕಿದರಲ್ಲ, ಇನ್ನೇಕೆ ಈ ಮಾತು ಎಂದು ನನಗೆ ಸಮಾಧಾನ ಹೇಳಲು ಬಂದವರಿಗೆಲ್ಲ ನಾನು ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಒಬ್ಬರೇ ಇದ್ದು, ಅವರೇ ನೆಲಕ್ಕೆ ಬಿದ್ದಿದ್ದರೆ ಬೀದಿಗೆ ಓಡುವವರು ಯಾರು?

ಇದನ್ನು ಸ್ವಂತ ಇಚ್ಛೆಗೆ ಬಿಡಬಾರದೆಂದು ನಾನು ಹಠ ಹಿಡಿಯುವುದಕ್ಕೆ ಮುಖ್ಯ ಕಾರಣವೂ ಆ ರಾತ್ರಿಯ ಅನುಭವದಲ್ಲೇ ಇದೆ. ಮನೆಯ ಸಂಖ್ಯೆ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬೀದಿಯ ಮೊದಲ ಮನೆಯಲ್ಲಿ 2, ಅದರ ಮುಂದಿನದರಲ್ಲಿ 4, ಅದರಾಚೆ 6 ಎಂದು ಕಂಡರೆ ಮಾತ್ರ, ಹುಡುಕುವವರು 38 ಎಲ್ಲಿರಬಹುದೆಂದು ಊಹಿಸಿ ನೇರವಾಗಿ ಅಲ್ಲಿಗೆ ಹೋಗಬಲ್ಲರು. ನಡುವಿನ ಒಂದೆರಡು ಮನೆಗಳಲ್ಲಿ ಸಂಖ್ಯೆ ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ಇಡೀ ಸಾಲೇ ಮೌನವಾಗಿದ್ದರೆ, ಕೊನೆಯ ಮನೆಯವರು ತಮ್ಮ ಸಂಖ್ಯೆಯನ್ನು ಎಷ್ಟು ದೊಡ್ಡದಾಗಿ ಬರೆಸಿದರೂ ಅದು ಅದರೆದುರಿಗೆ ಬಂದು ನಿಂತವರಿಗೆ ಮಾತ್ರ ಉಪಯೋಗ. ನಾನು ನನ್ನ ಕರ್ತವ್ಯ ಮಾಡಿದರೂ ಅದರ ಫಲ ನನಗೆ ಸಿಗುವುದು ನೆರೆಯವರೂ ಮಾಡಿದಾಗ ಮಾತ್ರ. ಅವರು ಮಾಡದಿದ್ದರೆ ನಷ್ಟ ಅವರದಷ್ಟೇ ಅಲ್ಲ, ನನ್ನದೂ ಹೌದು. ಹೀಗೆ ಒಬ್ಬರ ಉದಾಸೀನ ಇನ್ನೊಬ್ಬರ ಪ್ರಾಣಕ್ಕೆ ಕುತ್ತಾಗುವ ಕಡೆ ವಿನಂತಿ, ಜಾಗೃತಿ, ಮನವೊಲಿಕೆ ಎಂದು ಕಾಲ ಕಳೆಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ಕಾನೂನೇ ಬೇಕು.

ಒಂದೆರಡು ನಿಮಿಷ ತಡವಾದರೆ ಏನಾಯಿತು ಎನ್ನುವವರೂ ಇದ್ದಾರೆ. ಹೃದಯ ಹಠಾತ್ತನೆ ನಿಂತ ವ್ಯಕ್ತಿಗೆ ಎದೆ ಒತ್ತುವ ಚಿಕಿತ್ಸೆಯಾಗಲಿ ವಿದ್ಯುತ್ ಆಘಾತದ ಚಿಕಿತ್ಸೆಯಾಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಆಮ್ಲಜನಕ ಸಿಗದ ಮೆದುಳಿಗೆ ಕೆಲವೇ ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಇನ್ನು ಬೆಂಕಿಯ ವಿಷಯದಲ್ಲಿ ವಿವರಿಸಿ ಹೇಳಬೇಕಾದದ್ದೇ ಇಲ್ಲ. ಇಷ್ಟಿದ್ದರೂ ನಾವು ವೇಗದ ವಾಹನಕ್ಕೆ, ತರಬೇತಿ ಪಡೆದ ಸಿಬ್ಬಂದಿಗೆ, ಕರೆ ಸ್ವೀಕರಿಸುವ ಕೇಂದ್ರಕ್ಕೆ ಧಾರಾಳವಾಗಿ ಹಣ ಸುರಿದು, ಕೊನೆಯ ನೂರು ಮೀಟರಿನಲ್ಲಿ ಅವರನ್ನು ಕುರುಡರನ್ನಾಗಿ ಮಾಡಿ ನಿಲ್ಲಿಸುತ್ತೇವೆ.

ಸಂಖ್ಯೆಯೇ ಇಲ್ಲದ ಮನೆಗಳಿಗಿಂತಲೂ ನನಗೆ ಹೆಚ್ಚು ಕೋಪ ಬರಿಸುವುದು, ಸಂಖ್ಯೆ ಇದ್ದೂ ಕಾಣದ ಮನೆಗಳು. ಆ ಘಟನೆಯ ನಂತರ ನಾನು ಎಲ್ಲಿಗೆ ಹೋದರೂ ಇದನ್ನೇ ಗಮನಿಸುತ್ತಿದ್ದೇನೆ. ಕಪ್ಪು ಕಲ್ಲಿನ ಮೇಲೆ ಕಡುಗಂದು ಅಕ್ಷರ ಕೆತ್ತಿಸಿದವರಿದ್ದಾರೆ. ಹಗಲಲ್ಲೂ ಅದನ್ನು ಓದಬೇಕಾದರೆ ಗೇಟಿಗೆ ಮುಖ ತಾಗಿಸಬೇಕು. ಬಳುಕುವ ಲಿಪಿಯಲ್ಲಿ 1 ಮತ್ತು 7 ಒಂದೇ ರೀತಿ ಕಾಣುವಂತೆ ಬರೆಸಿದವರಿದ್ದಾರೆ. ಗೇಟಿನ ಮೇಲೆ ಸಂಖ್ಯೆ ಹಾಕಿ, ಆ ಗೇಟನ್ನು ಸದಾ ಒಳಕ್ಕೆ ತೆರೆದಿಡುತ್ತಾರೆ. ಹಬ್ಬಿದ ಬಳ್ಳಿಯ ಹಿಂದೆ, ನಿಲ್ಲಿಸಿದ ಕಾರಿನ ಹಿಂದೆ, ಮನೆಯೊಳಗಿನ ಬಾಗಿಲಿನ ಚೌಕಟ್ಟಿನ ಮೇಲೆ, ವಿದ್ಯುತ್ ಮೀಟರಿನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ, ಹೀಗೆ ಬೀದಿಯಿಂದ ಕಾಣದಿರುವ ಎಲ್ಲ ಜಾಗಗಳಲ್ಲೂ ಸಂಖ್ಯೆಗಳಿವೆ. ಮನೆಗೆ ಇಟ್ಟ ಹೆಸರನ್ನು ಮಾತ್ರ ಹೊಳೆಯುವ ಲೋಹದಲ್ಲಿ, ಹಿಂಬದಿಗೆ ದೀಪವಿಟ್ಟು ಬೆಳಗಿಸಿರುತ್ತಾರೆ. ಹೆಸರಿಡುವುದು ಸಂತೋಷದ ವಿಷಯವೇ, ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಹೆಸರುಗಳಿಗೆ ಏರಿಕೆಯ ಕ್ರಮವಿಲ್ಲ. ಒಂದು ಮನೆಯ ಹೆಸರನ್ನು ಓದಿದವರಿಗೆ ಮುಂದಿನ ಮನೆಯ ಹೆಸರು ಏನಿರಬಹುದೆಂದು ತಿಳಿಯುವುದಿಲ್ಲ. ಹೆಸರಿಗೆ ಕೊಟ್ಟ ಬೆಳಕಿನಲ್ಲಿ ಕಾಲುಭಾಗವನ್ನು ಸಂಖ್ಯೆಗೆ ಕೊಟ್ಟರೆ ಇವರು ಕಳೆದುಕೊಳ್ಳುವುದಾದರೂ ಏನು?

ಫೋನಿನಲ್ಲಿ ನಕ್ಷೆ ಇರುವಾಗ ಸಂಖ್ಯೆ ಏಕೆ ಬೇಕು ಎಂಬ ವಾದವನ್ನು ಈಗ ಎಲ್ಲರೂ ದೊಡ್ಡ ಜಾಣತನವೆಂಬಂತೆ ಮುಂದಿಡುತ್ತಾರೆ. ಮೇಲೆ ಆಕಾಶ ತೆರೆದಿರುವ ಜಾಗದಲ್ಲಿ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ, ಮನೆಯೊಳಗೆ, ಮರಗಳ ಕೆಳಗೆ ಉಪಗ್ರಹದ ಸಂಕೇತ ಕ್ಷೀಣಿಸುವುದರಿಂದ ಇಲ್ಲವೇ ಗೋಡೆಗಳಿಗೆ ಬಡಿದು ಬರುವುದರಿಂದ ಆ ವ್ಯತ್ಯಾಸ ಹಲವು ಪಟ್ಟು ಹೆಚ್ಚುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳಲ್ಲಿ ಅಷ್ಟು ವ್ಯತ್ಯಾಸವಾದರೆ ಸಾಕು, ವಾಹನ ಹಿಂದಿನ ಬೀದಿಗೆ ಹೋಗಿ ನಿಲ್ಲುತ್ತದೆ. ಒಂದರ ಮೇಲೊಂದು ಇರುವ ಮಹಡಿಗಳನ್ನು ನಕ್ಷೆಯ ಮೇಲಿನ ಚುಕ್ಕಿ ಬೇರೆಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕರೆ ಮಾಡುವವರು ಅಳುತ್ತಿರುವ ಮಗುವಾಗಿರಬಹುದು, ಕಣ್ಣು ಮಂಜಾದ ಅಜ್ಜಿಯಾಗಿರಬಹುದು, ಬೇರೆ ಊರಿನಿಂದ ಮಾತನಾಡುತ್ತಿರುವ ಮಗಳಾಗಿರಬಹುದು. ಅವರೆಲ್ಲ ಹೇಳಬಲ್ಲದ್ದು ವಿಳಾಸವೊಂದನ್ನೇ. ನಕ್ಷೆ ಬೀದಿಯವರೆಗೆ ಕರೆತರುತ್ತದೆ. ಅಲ್ಲಿಂದ ಬಾಗಿಲಿಗೆ ಕರೆದೊಯ್ಯಲು ಗೋಡೆಯ ಮೇಲಿನ ಅಂಕಿಯೇ ಬೇಕು.

ಇಷ್ಟು ಕಾಲ ಈ ಕೊರತೆ ನಮಗೆ ಕಾಣದೆ ಹೋದದ್ದು ಅಂಚೆಯವರ ನೆನಪಿನ ಶಕ್ತಿಯಿಂದ ಎಂದು ನನಗನಿಸುತ್ತದೆ. ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ನಡೆದವರಿಗೆ ಯಾರ ಮನೆ ಎಲ್ಲಿದೆ, ಯಾರು ಮಹಡಿಯ ಮೇಲಿದ್ದಾರೆ ಎಂಬುದೆಲ್ಲ ಬಾಯಿಪಾಠವಾಗಿರುತ್ತಿತ್ತು. ಅರ್ಧ ಬರೆದ ವಿಳಾಸದ ಕಾಗದವೂ ಅವರಿಂದಾಗಿಯೇ ತಲುಪುತ್ತಿತ್ತು. ಅವರಿಗೆ ವರ್ಗವಾದ ದಿನ ಆ ಜ್ಞಾನವೂ ಅವರೊಡನೆಯೇ ಹೊರಟುಹೋಗುತ್ತಿತ್ತು. ಇಂದು ನಮ್ಮ ಮನೆಗಳಿಗೆ ಬರುವವರು ದಿನಕ್ಕೊಬ್ಬರು. ಔಷಧಿ ತರುವವರು, ಗ್ಯಾಸ್ ಸೋರಿಕೆ ನೋಡಲು ಬರುವವರು, ಹಾಸಿಗೆ ಹಿಡಿದವರ ಆರೈಕೆಗೆ ಬರುವ ದಾದಿಯರು, ಗಣತಿಯವರು, ಸಾಮಾನು ತಲುಪಿಸುವವರು, ಇವರೆಲ್ಲರೂ ಬೀದಿಬೀದಿಯಲ್ಲಿ ಬಾಗಿಲು ತಟ್ಟಿ, ಬೈಸಿಕೊಂಡು, ನಾಯಿಗಳಿಂದ ಓಡಿಸಿಕೊಂಡು ನಮ್ಮ ಸೋಮಾರಿತನದ ಬೆಲೆ ತೆರುತ್ತಿದ್ದಾರೆ. ತಲುಪಿಸಿದ ಪೊಟ್ಟಣದ ಲೆಕ್ಕಕ್ಕೆ ಕೂಲಿ ಪಡೆಯುವವರಿಗೆ ಹುಡುಕಾಟದ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ. ಇದು ಅನ್ಯಾಯ.

ಸಂಖ್ಯೆ ಹಾಕಿದರೆ ತಮ್ಮ ಖಾಸಗಿತನಕ್ಕೆ ಧಕ್ಕೆ ಎಂದು ನೆರೆಯವರೊಬ್ಬರು ನನ್ನೊಡನೆ ವಾದಿಸಿದರು. ಆ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1770ರಲ್ಲಿ ಮರಿಯಾ ತೆರೇಸಾ ರಾಣಿಯ ಆಳ್ವಿಕೆಯಲ್ಲಿ ಮಧ್ಯ ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಹಲವು ನಾಡುಗಳ ಮನೆಗಳಿಗೆ ಸಂಖ್ಯೆ ಬರೆಸಿದ್ದು ಸೈನ್ಯಕ್ಕೆ ಸೇರಿಸಲು ಗಂಡಸರನ್ನು ಎಣಿಸುವುದಕ್ಕಾಗಿ. ಮಗನನ್ನು ಯುದ್ಧಕ್ಕೆ ಎಳೆದೊಯ್ಯಲು ಬಂದ ಅಂಕಿಯನ್ನು ಜನ ದ್ವೇಷಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಇಂದಿನ ಸ್ಥಿತಿ ಬೇರೆ. ತೆರಿಗೆ ರಸೀದಿಯಲ್ಲಿ, ವಿದ್ಯುತ್ ಬಿಲ್ಲಿನಲ್ಲಿ, ಮತದಾರರ ಪಟ್ಟಿಯಲ್ಲಿ, ಬ್ಯಾಂಕಿನ ದಾಖಲೆಯಲ್ಲಿ ನಮ್ಮೆಲ್ಲರ ಮನೆಯ ಸಂಖ್ಯೆ ಆಗಲೇ ಇದೆ. ನಮ್ಮಿಂದ ಹಣ ವಸೂಲು ಮಾಡಬೇಕಾದ ಯಾರಿಗೂ ನಮ್ಮ ಮನೆ ಗುಟ್ಟಾಗಿ ಉಳಿದಿಲ್ಲ. ಗೋಡೆಯ ಮೇಲೆ ಅದನ್ನು ಬರೆಯದೆ ನಾವು ಅಡಗಿಸುತ್ತಿರುವುದು ನೆರವಿಗೆ ಬರುವವರಿಂದ ಮಾತ್ರ. ಗೋಡೆಯ ಮೇಲಿನ 38 ಎಂಬ ಅಂಕಿ ಒಳಗಿರುವವರ ಹೆಸರನ್ನಾಗಲಿ, ಉದ್ಯೋಗವನ್ನಾಗಲಿ, ಆಸ್ತಿಯನ್ನಾಗಲಿ ಹೇಳುವುದಿಲ್ಲ. ಹೆಸರಿನ ಫಲಕ ಅದಕ್ಕಿಂತ ಎಷ್ಟೋ ಹೆಚ್ಚನ್ನು ಹೇಳುತ್ತದೆ, ಅದನ್ನು ಮಾತ್ರ ಎಲ್ಲರೂ ಹೆಮ್ಮೆಯಿಂದ ಹಾಕಿಸುತ್ತಾರೆ.

ಇಂಥ ಕಾನೂನು ಆಗದ ಹೋಗದ ಮಾತೆಂದು ಕಚೇರಿಯವರು ಹೇಳಿದರೆ ನಾನು ನಂಬಲಾರೆ. ಪ್ಯಾರಿಸ್ ನಗರದಲ್ಲಿ 1805ರ ಆದೇಶದಂತೆ ಬೀದಿಯ ಒಂದು ಬದಿಗೆ ಸಮಸಂಖ್ಯೆ, ಇನ್ನೊಂದು ಬದಿಗೆ ಬೆಸಸಂಖ್ಯೆ ಎಂದು ಗೊತ್ತುಮಾಡಿ, ಸೆನ್ ನದಿಯನ್ನು ಆಧಾರವಾಗಿಟ್ಟುಕೊಂಡು ಏರಿಕೆಯ ದಿಕ್ಕನ್ನೂ ನಿಗದಿಪಡಿಸಿದರು. ಅಲ್ಲಿ ಹೊಸಬರು ಸಹ ಯಾವ ಕಡೆಗೆ ಸಂಖ್ಯೆ ಹೆಚ್ಚುತ್ತದೆಂದು ತಿಳಿದುಕೊಳ್ಳಬಹುದು. ಬ್ರಿಟನ್ನಿನ 1847ರ ನಗರ ಸುಧಾರಣೆಯ ಕಾಯಿದೆ, ಮನೆಯಲ್ಲಿ ವಾಸಿಸುವವರೇ ಸಂಖ್ಯೆ ಹಾಕಬೇಕು, ಅಳಿಸಿಹೋದರೆ ಮತ್ತೆ ಬರೆಸಬೇಕು ಎಂದು ಸ್ಪಷ್ಟವಾಗಿ ಹೇಳಿತು. ಅಮೆರಿಕದ ಅನೇಕ ಸ್ಥಳೀಯ ಆಡಳಿತಗಳು ಅಳವಡಿಸಿಕೊಂಡಿರುವ ಅಗ್ನಿಸುರಕ್ಷತೆಯ ಮಾದರಿ ಸಂಹಿತೆಯಂತೂ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ: ಅಂಕಿಯ ಎತ್ತರ ಕನಿಷ್ಠ 4 ಅಂಗುಲ, ಅಂದರೆ 102 ಮಿಲಿಮೀಟರ್ ಇರಬೇಕು, ಬಣ್ಣ ಹಿನ್ನೆಲೆಯಿಂದ ಎದ್ದು ಕಾಣಬೇಕು, ಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆಯದೆ ಅಂಕಿಯಲ್ಲೇ ಬರೆಯಬೇಕು, ಮನೆ ಒಳದಾರಿಯಲ್ಲಿದ್ದು ರಸ್ತೆಗೆ ಕಾಣದಿದ್ದರೆ ಕಂಬವನ್ನೋ ಫಲಕವನ್ನೋ ನಿಲ್ಲಿಸಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹಳ್ಳಿಗಾಡಿನ ಸಂಖ್ಯೆಗಳ ಕ್ರಮ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಅಲ್ಲಿ ರಸ್ತೆ ಆರಂಭವಾಗುವ ಸ್ಥಳದಿಂದ ಮನೆಯ ದಾರಿಯವರೆಗಿನ ದೂರವನ್ನು ಮೀಟರಿನಲ್ಲಿ ಅಳೆದು, ಹತ್ತರಿಂದ ಭಾಗಿಸಿ ಸಂಖ್ಯೆ ಕೊಡುತ್ತಾರೆ. 276 ಎಂದರೆ ಸುಮಾರು 2.76 ಕಿಲೋಮೀಟರ್. ವಾಹನದ ದೂರಮಾಪಕವನ್ನು ನೋಡಿಕೊಂಡೇ ಚಾಲಕರು ಮನೆಯನ್ನು ಸಮೀಪಿಸಬಹುದು. ಜನರ ಕಷ್ಟವನ್ನು ಯೋಚಿಸಿ ಮಾಡಿದ ಕೆಲಸವೆಂದರೆ ಇದು.

ನಮ್ಮ ಕಚೇರಿಗೆ ಈ ಯೋಚನೆಯೇ ಬೇಡವಾಗಿದೆ, ಏಕೆಂದರೆ ಮನೆ ಮಾಲೀಕರಿಗೆ ಕಡ್ಡಾಯ ಮಾಡಿದರೆ ಮೊದಲು ತಾನೇ ತನ್ನ ಗೊಂದಲವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ಒಂದೇ ಬೀದಿಯಲ್ಲಿ ಹಳೆಯ ಸಂಖ್ಯೆಯೂ ಹೊಸ ಸಂಖ್ಯೆಯೂ ಬಳಕೆಯಲ್ಲಿವೆ. ನನ್ನ ಹಳೆಯ ಸಂಖ್ಯೆ ಇನ್ನೊಬ್ಬರ ಹೊಸ ಸಂಖ್ಯೆಯಾಗಿದೆ. ಒಂದು ನಿವೇಶನವನ್ನು ಭಾಗ ಮಾಡಿ ಮೂರು ಮನೆ ಕಟ್ಟಿದರೆ ಮೂರಕ್ಕೂ ಒಂದೇ ಸಂಖ್ಯೆ. ಬೀದಿಯ ಹೆಸರಿನ ಫಲಕ ಮುರಿದು ಬಿದ್ದು ಎಷ್ಟೋ ಕಾಲವಾದರೂ ಎತ್ತಿ ನಿಲ್ಲಿಸುವವರಿಲ್ಲ. ತಾನು ಮಾಡಬೇಕಾದ ಕೆಲಸ ಮಾಡದ ಆಡಳಿತ, ನನ್ನ ನೆರೆಯವರ ಸ್ವಾತಂತ್ರ್ಯದ ಹೆಸರು ಹೇಳಿ ಮರೆಯಾಗುವುದನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದ ನಾನು ಮತ್ತೆ ಅರ್ಜಿ ಕೊಡುತ್ತಿದ್ದೇನೆ, ಈ ಸಲ ಬೀದಿಯ ಇತರರ ಸಹಿಯನ್ನೂ ಸೇರಿಸಿ. ಮೊದಲು ಕಚೇರಿಯೇ ಪ್ರತಿ ಬೀದಿಗೂ ಕ್ರಮವಾದ ಒಂದೇ ಸಂಖ್ಯೆಯ ಸಾಲನ್ನು ನಿಗದಿಪಡಿಸಿ, ಮನೆಮನೆಗೂ ಲಿಖಿತವಾಗಿ ತಿಳಿಸಲಿ. ಅದಾದ ಮೇಲೆ ಅಂಕಿಯ ಎತ್ತರ, ಬಣ್ಣದ ವ್ಯತ್ಯಾಸ, ರಸ್ತೆಯಿಂದ ಕಾಣುವ ಸ್ಥಳ, ರಾತ್ರಿಯ ಬೆಳಕು ಅಥವಾ ಬೆಳಕು ಬಿದ್ದರೆ ಹೊಳೆಯುವ ಹಾಳೆ, ಇವನ್ನೆಲ್ಲ ನಿಯಮದಲ್ಲೇ ಬರೆದು, ಹಾಕಿಸಲು ಗಡುವು ಕೊಡಲಿ. ಬಾಡಿಗೆ ಮನೆಗಳಲ್ಲಿ ಹೊಣೆ ಮಾಲೀಕರದಾಗಲಿ, ಬಾಡಿಗೆದಾರರ ಮೇಲೆ ಬೀಳದಿರಲಿ. ವಸತಿ ಸಮುಚ್ಚಯಗಳು ಕಟ್ಟಡದ ಗುರುತನ್ನೂ ಮಹಡಿಯ ಸಂಖ್ಯೆಗಳನ್ನೂ ಪ್ರವೇಶದ್ವಾರದಲ್ಲೇ ತೋರಿಸಲಿ. ಹಣದ ಅನುಕೂಲವಿಲ್ಲದವರಿಗೆ ಆಡಳಿತವೇ ಫಲಕ ಮಾಡಿಸಿಕೊಡಲಿ; ಅನುಕೂಲವಿದ್ದೂ ಹಾಕದವರಿಗೆ ಒಮ್ಮೆ ನೋಟಿಸ್ ಕೊಟ್ಟು, ಆಮೇಲೆ ದಂಡ ವಿಧಿಸಲಿ. ಹೊಸದಾಗಿ ಕಟ್ಟಿದ ಮನೆಯ ಮುಂದೆ ಸಂಖ್ಯೆ ಕಾಣುವವರೆಗೆ ಅದರಲ್ಲಿ ವಾಸಕ್ಕೆ ಅನುಮತಿಯನ್ನೇ ಕೊಡದಿರಲಿ. ಸಂಖ್ಯೆ ಬದಲಾಯಿಸುವುದಾದರೆ ಜನರಿಗೆ ತಿಳಿಯುವವರೆಗೆ ಹಳೆಯದನ್ನೂ ಗೀಟು ಎಳೆದು ಪಕ್ಕದಲ್ಲಿ ಉಳಿಸಲು ಹೇಳಲಿ, ಮತ್ತು ಬದಲಾದ ಪಟ್ಟಿಯನ್ನು ಆಂಬ್ಯುಲೆನ್ಸಿನವರಿಗೂ ಅಗ್ನಿಶಾಮಕ ದಳಕ್ಕೂ ಅಂಚೆ ಕಚೇರಿಗೂ ಅದೇ ದಿನ ತಲುಪಿಸಲಿ.