ಕರೆದರೆ ಓ ಅನ್ನುವವರು ಬೇಕು

ಕಳೆದ ಜುಲೈಯಲ್ಲಿ ಹೊಸನಗರ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರ ಲೈಸೆನ್ಸ್ ತಂದು ತೋರಿಸಿದ. ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು), ಅಂದರೆ ಮೋರ್ಸ್ ಸಂಕೇತದ ಪರೀಕ್ಷೆ ಇಲ್ಲದ ರಿಸ್ಟ್ರಿಕ್ಟೆಡ್ ಗ್ರೇಡ್. ಐದು ವ್ಯಾಟಿನ ಹ್ಯಾಂಡ್‌ಸೆಟ್ಟೂ ಇತ್ತು. ಆದರೆ ಎರಡು ತಿಂಗಳಾದರೂ ಒಬ್ಬರ ಹತ್ತಿರವೂ ಮಾತಾಡಿರಲಿಲ್ಲ. "ಗುಂಡಿ ಒತ್ತಿ ಬಿಟ್ರೆ ಕರ್ರ್ ಅಂತದೆ ಮಾವ, ಆಮೇಲೆ ಏನು ಹೇಳೋದು ಅಂತ್ಲೇ ಗೊತ್ತಾಗಲ್ಲ" ಅಂದ.

ಆ ಕರ್ರ್ ಸದ್ದು ಒಳ್ಳೆಯ ಸುದ್ದಿ. ಗುಡ್ಡದ ಮೇಲಿನ ರಿಪೀಟರ್‌ಗೆ, ಅಂದರೆ ನಮ್ಮ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ಯಂತ್ರಕ್ಕೆ, ನಮ್ಮ ಸಿಗ್ನಲ್ ಮುಟ್ಟಿತು ಅಂತ ಅರ್ಥ. ನಾವು ಗುಂಡಿ ಬಿಟ್ಟ ಮೇಲೂ ಅದು ಒಂದೆರಡು ಸೆಕೆಂಡ್ ಪ್ರಸಾರ ಮಾಡುತ್ತಿರುತ್ತದೆ, ಅದೇ ನಮಗೆ ಕೇಳಿಸುವುದು. ಆದರೆ ಕಾಲ್‌ಸೈನ್ ಹೇಳದೆ ಸುಮ್ನೆ ಗುಂಡಿ ಒತ್ತಿ ಬಿಡುವುದು ತಪ್ಪು. ಬಾಗಿಲು ತಟ್ಟಿ ಓಡಿಹೋದ ಹಾಗೆ.

ನಾನು ಸಿಯಾಟಲ್ ಹತ್ತಿರ ಇರುವವನು. ಅಲ್ಲೂ ಗುಡ್ಡ, ಅಲ್ಲೂ ಜಿಟಿಜಿಟಿ ಮಳೆ. ಅಲ್ಲಿನ ಹ್ಯಾಮ್ ಲೈಸೆನ್ಸಿನ ಮೊದಲ ಹಂತದ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಪಾಸು, ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ. ಪರೀಕ್ಷೆ ನಡೆಸುವವರೂ ಹವ್ಯಾಸಿಗಳೇ. ಆದರೆ ನನ್ನನ್ನು ನಿಜವಾಗಿ ಈ ಲೋಕದೊಳಗೆ ಕರೆದುಕೊಂಡಿದ್ದು ಪರೀಕ್ಷೆ ಅಲ್ಲ, ವಾರಕ್ಕೊಮ್ಮೆ ರಾತ್ರಿ ರೇಡಿಯೋದಲ್ಲೇ ಸೇರುವ ಕೂಟ, ಅದಕ್ಕೆ ನೆಟ್ ಅಂತಾರೆ. ಒಬ್ಬರು ನಡೆಸುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಕಾಲ್‌ಸೈನ್ ಹೇಳುತ್ತಾರೆ, ಕೊನೆಗೆ "ಹೊಸಬರು ಯಾರಾದರೂ ಇದ್ದೀರಾ?" ಅಂತ ಕೇಳಿ, ಉತ್ತರ ಬರುವ ತನಕ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲೇ ನನಗೆ ಧೈರ್ಯ ಬಂದಿದ್ದು.

ನಮ್ಮ ಮಲೆನಾಡಿನಲ್ಲಿ ಮನೆಗೆ ಬಂದವರನ್ನು ಆಸರಿಗೆ (ಕುಡಿಯಲು ಏನು ಬೇಕು ಅಂತ) ಕೇಳದೆ ಕಳಿಸುವವರು ಯಾರೂ ಇಲ್ಲ. ಅಂಥ ಊರಿನಲ್ಲಿ ರೇಡಿಯೋ ಹಿಡಿದು ಕೂತ ಹುಡುಗನನ್ನು ಮಾತಾಡಿಸುವವರಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ. ಜನ ಒಳ್ಳೆಯವರೇ. ಆದರೆ ಇಂಥ ಹೊತ್ತಿಗೆ ಇರುತ್ತೇವೆ ಅಂತ ಗೊತ್ತು ಮಾಡಿಕೊಂಡಿಲ್ಲ. ಗುರುತಿದ್ದವರು ಫೋನ್ ಮಾಡಿಕೊಂಡು ರೇಡಿಯೋಗೆ ಬರುತ್ತಾರೆ. ಗುರುತಿಲ್ಲದ ಹೊಸಬ ಏನು ಮಾಡಬೇಕು?

ಮರುದಿನ ಸೆಟ್ ಹಿಡಿದು ನೋಡಿದೆವು. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಅದೇ ಹೊತ್ತಿಗೆ ಇನ್ನೊಂದರಲ್ಲಿ ಹೇಳುತ್ತದೆ. ಎರಡೂ ಒಂದೇ ಆದರೆ ತನ್ನ ಗದ್ದಲಕ್ಕೆ ತನ್ನ ಕಿವಿಯೇ ಮುಚ್ಚಿಹೋಗುತ್ತದೆ. ನಮ್ಮ ಸೆಟ್ ಕೆಲಸ ಮಾಡುವ ಎರಡು ಮೀಟರ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ನಮಗೆ 145.600 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತಿದ್ದರೆ ನಾವು ಕಳಿಸಬೇಕಾದದ್ದು 145.000ರಲ್ಲಿ. ರಿಪೀಟರ್‌ಗೆ ಟೋನ್, ಅಂದರೆ ಮಾತಿನ ಜೊತೆ ಹೋಗುವ ಗುರುತಿನ ಸ್ವರ, ಬೇಕಿದ್ದರೆ ಅದನ್ನೂ ಹಾಕಬೇಕು, ಇಲ್ಲದಿದ್ದರೆ ಎಷ್ಟು ಕೂಗಿದರೂ ರಿಪೀಟರ್ ಏಳುವುದಿಲ್ಲ. ಇದನ್ನೆಲ್ಲ ಹುಡುಗ ಸರಿಯಾಗೇ ಮಾಡಿದ್ದ. ತೊಂದರೆ ಇದ್ದದ್ದು ಜಾಗದಲ್ಲಿ. ಮನೆ ತೋಟದ ಪಕ್ಕ, ತಗ್ಗಿನಲ್ಲಿ. ಅಲ್ಲಿಂದ ಒಂದು ಸಲ ಮುಟ್ಟಿದರೆ ಎರಡು ಸಲ ಇಲ್ಲ. ಹಿಂದಿನ ಬ್ಯಾಣ, ಅಂದರೆ ಹುಲ್ಲಿನ ಗುಡ್ಡ, ಹತ್ತಿದೆವು. ಕಾಲಿಗೆ ಉಂಬಳ ಹತ್ತಿಕೊಂಡವು, ಸೆಟ್ಟಿಗೆ ಪ್ಲಾಸ್ಟಿಕ್ ಸುತ್ತಿದ್ದೆವು. ನೆತ್ತಿಯ ಮೇಲೆ ನಿಂತು ಗುಂಡಿ ಒತ್ತಿದರೆ ಪ್ರತಿ ಸಲವೂ ಕರ್ರ್!

ನನ್ನ ಅಮೆರಿಕದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ, ಹಾಗಾಗಿ ನಾನು ಗುಂಡಿ ಮುಟ್ಟಲಿಲ್ಲ. "ಮೊದಲು ಯಾರಾದರೂ ಮಾತಾಡ್ತಿದ್ದಾರಾ ಕೇಳಿಸಿಕೋ. ಆಮೇಲೆ ಗುಂಡಿ ಒತ್ತಿ ಒಂದು ಸೆಕೆಂಡ್ ತಡೆ, ಕಾಲ್‌ಸೈನ್ ಹೇಳು, ಕೇಳ್ತಾ ಇದ್ದೀನಿ ಅನ್ನು, ಅಷ್ಟೇ" ಅಂದೆ. ತಡೆಯದೆ ಮಾತು ಶುರು ಮಾಡಿದರೆ ಮೊದಲ ಅಕ್ಷರವೇ ಕತ್ತರಿಸಿ ಹೋಗುತ್ತದೆ. ಮೂರನೇ ಸಲಕ್ಕೆ ಒಬ್ಬ ಹಿರಿಯರು ಬಂದರು, ಶಿವಮೊಗ್ಗದವರು. ಕಾಲ್‌ಸೈನ್ ಹೇಳಿ, ಸಿಗ್ನಲ್ ಚೆನ್ನಾಗಿದೆ ಅಂದು, ಆಮೇಲೆ ಕೇಳಿದ್ದು "ನಿಮ್ ಕಡೆ ಮಳೆ ಹ್ಯಾಂಗೆ? ಅಡಕೆಗೆ ಔಷಧಿ ಹೊಡೆದಾಯ್ತಾ?" ಹುಡುಗನ ಮುಖ ನೋಡಬೇಕಿತ್ತು ನೀವು.

ನನ್ನ ಅನಿಸಿಕೆ ಇಷ್ಟೇ. ದೊಡ್ಡ ಟವರ್, ದುಬಾರಿ ಸೆಟ್ ಆಮೇಲೆ ನೋಡೋಣ. ಮಳೆಗಾಲದಲ್ಲಿ ಕರೆಂಟ್ ಹೋಗಿ ಮೊಬೈಲೂ ಸತ್ತಾಗ ರೇಡಿಯೋ ಬೇಕು ಅಂತೀವಿ, ಆದರೆ ದಿನಾ ಮಾತಾಡಿ ರೂಢಿಯಿಲ್ಲದವರು ಆ ದಿನ ಹೇಗೆ ಮಾತಾಡುತ್ತಾರೆ? ಮಲೆನಾಡಿನ ಹಳಬರು ವಾರಕ್ಕೊಂದು ರಾತ್ರಿ, ಅರ್ಧ ಗಂಟೆ, ಹೊತ್ತು ಗೊತ್ತು ಮಾಡಿ ಕೂತರೆ ಸಾಕು. ಕಾಲ್‌ಸೈನ್ ಬಿಟ್ಟರೆ ಉಳಿದದ್ದೆಲ್ಲ ಕನ್ನಡದಲ್ಲೇ ಇರಲಿ.

ಹೊರಡುವ ಮುಂಚೆ ಅರ್ಧ ಮೀಟರ್ ಉದ್ದದ ಐದು ತಂತಿಯಲ್ಲಿ ಒಂದು ಆಂಟೆನಾ ಮಾಡಿ ಮನೆಯ ಸೂರಿನ ಮೇಲೆ ಕಟ್ಟಿಕೊಟ್ಟೆ. ಈಗ ಮನೆಯಿಂದಲೇ ಮುಟ್ಟುತ್ತದಂತೆ. ಗುಡುಗು ಶುರುವಾದರೆ ಕೇಬಲ್ ಕಿತ್ತಿಡು ಅಂತ ಅಕ್ಕನಿಗೂ ಹೇಳಿದ್ದೇನೆ. ಹುಡುಗ ದಿನಾ ರಾತ್ರಿ ಎಂಟೂವರೆಗೆ ಸೆಟ್ ಹಾಕಿಕೊಂಡು ಕೂರುತ್ತಾನೆ. ಆ ಕಡೆಯವರಿದ್ದರೆ ದಯವಿಟ್ಟು ಒಂದು ಸಲ ಕರೆಯಿರಿ.