ಅರ್ಜಿ ಕಾಕಾನದು, ಮೊಬೈಲ್ ನಂಬರ್ ಬೇರೆಯವರದು

ಹಾವೇರಿ ಜಿಲ್ಲೆಯ ಒಂದು ಊರಲ್ಲಿರುವ ನಮ್ಮ ಕಾಕಾ ಮನೆ ಕಟ್ಟಲು ಪರವಾನಗಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಹೋದ ವಾರ ಹುಬ್ಬಳ್ಳಿಗೆ ಬಂದವರು ಚಹಾ ಕುಡಿಯುತ್ತಾ ಕೇಳಿದರು, "ತಮ್ಮಾ, ನನ್ನ ಫೈಲ್ ಎಲ್ಲಿ ಐತಿ ಅಂತ ನಿನ್ನ ಫೋನ್‌ನಾಗ ನೋಡಾಕ ಬರ್ತದೇನು?"

ಅರ್ಜಿ ನಂಬರ್ ಅವರ ಹತ್ತಿರ ಇರಲಿಲ್ಲ. ಅವರ ಮೊಬೈಲ್ ನಂಬರ್ ಹಾಕಿದೆ, ಏನೂ ಸಿಗಲಿಲ್ಲ. ನಕ್ಷೆ ಮಾಡಿಕೊಟ್ಟ ಎಂಜಿನಿಯರ್‌ಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಅರ್ಜಿಯಲ್ಲಿದ್ದದ್ದು ಎಂಜಿನಿಯರ್ ಆಫೀಸಿನ ನಂಬರ್. ಫೈಲ್ 40 ದಿನದ ಹಿಂದೆಯೇ ವಾಪಸ್ ಬಂದಿತ್ತು. ಖರೀದಿ ಪತ್ರದಲ್ಲಿ ಅಡ್ಡಹೆಸರು ಇದೆ, ಉತಾರದಲ್ಲಿ (ಜಾಗ ಯಾರ ಹೆಸರಲ್ಲಿದೆ ಅನ್ನುವ ದಾಖಲೆಯಲ್ಲಿ) ಇಲ್ಲ. ಅಷ್ಟೇ ಕಾರಣ, ಅದೂ ಇಂಗ್ಲಿಷಿನ ಒಂದು ಸಾಲಿನಲ್ಲಿ.

ಅಷ್ಟರಲ್ಲಿ ಕಾಕಾ ಉಸುಕು ತರಿಸಿದ್ದರು. ಗೌಂಡಿಗೆ ಮುಂಗಡ ಕೊಟ್ಟಿದ್ದರು. ಗೌಂಡಿ ಕಾದು ಕಾದು ಬೇರೆ ಕೆಲಸ ಹಿಡಿದ. ಮೊದಲ ಮಳೆಗೆ ತಾಡಪತ್ರಿ ಹಾರಿ ಅರ್ಧ ಉಸುಕು ಗಟಾರ ಸೇರಿತು.

ಇದನ್ನು ಕೇಳಿ ಕೆಲವರು "ಹಳೇ ಪದ್ಧತಿನೇ ಚೆನ್ನಾಗಿತ್ತು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫೈಲ್ ಯಾವ ಕಪಾಟಿನಲ್ಲಿದೆ ಅಂತ ಹುಡುಕಲು ರಜೆ ಹಾಕಿ ಹೋಗುತ್ತಿದ್ದ ದಿನಗಳು ನನಗೆ ನೆನಪಿವೆ. ಈಗ ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡುವ ಜಾಗ ಎಷ್ಟು, ಎತ್ತರ ಎಷ್ಟು ಅಂತ ಸಾಫ್ಟ್‌ವೇರ್ ನಕ್ಷೆಯಲ್ಲೇ ಅಳೆಯುತ್ತದೆ. ಬಡವನಿಗೂ ದೊಡ್ಡವನಿಗೂ ಒಂದೇ ಅಳತೆ. ಯಾರ ಹತ್ತಿರ ಎಷ್ಟು ದಿನ ಫೈಲ್ ಕೂತಿತ್ತು ಅನ್ನೋದೂ ದಾಖಲಾಗುತ್ತದೆ. 2011ರಲ್ಲಿ ಬಂದ ಸಕಾಲ ಕಾಯ್ದೆ ಸರ್ಕಾರಿ ಕಚೇರಿಯ ಕೆಲಸಕ್ಕೆ ಗಡುವು ಹಾಕಿದ್ದು ಜನ ಕಾಯಬಾರದು ಅಂತಲೇ. ಆದರೆ ಫೈಲ್ ವಾಪಸ್ ಬಂದದ್ದೇ ಗೊತ್ತಿಲ್ಲದವನು ಯಾವ ಗಡುವಿನ ಲೆಕ್ಕ ಕೇಳಬೇಕು?

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಎಂಜಿನಿಯರ್ ನಂಬರ್ ಬೇಕಾದರೆ ಇರಲಿ, ಜೊತೆಗೆ ಮಾಲೀಕನ ನಂಬರ್ ಇಲ್ಲದೆ ಅರ್ಜಿ ಮುಂದೆ ಹೋಗಲೇಬಾರದು. ಓಟಿಪಿ ಅವನಿಗೇ ಬರಬೇಕು. ಏನು ತಪ್ಪಾಗಿದೆ, ಯಾವ ಕಾಗದ ತರಬೇಕು ಅಂತ ಕನ್ನಡದಲ್ಲಿ ಬಿಡಿಸಿ ಬರೆದು ಮೆಸೇಜ್ ಕಳಿಸಬೇಕು. ಇದ್ದ ತಕರಾರೆಲ್ಲ ಒಂದೇ ಸಲ ಹೇಳಬೇಕು. ಇವತ್ತು ಉತಾರ, ಮುಂದಿನ ತಿಂಗಳು ಕರದ ರಸೀದಿ ಅಂತ ಕಂತಿನಲ್ಲಿ ಅಲ್ಲ. ಮತ್ತೆ, ಫೋನ್ ಬಳಸಲು ಬಾರದವರಿಗೆ ಕಚೇರಿಯಲ್ಲಿ ಒಬ್ಬ ಮನುಷ್ಯ ಇರಲೇಬೇಕು.

ಮಂಜೂರಾದ ನಕ್ಷೆಯೂ ಮಾಲೀಕನ ಫೋನಿಗೇ ಬರಲಿ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ದಿನ ಈ ಊರಿನವರು ಯಾರೂ ಮರೆತಿಲ್ಲ. ಸಾಫ್ಟ್‌ವೇರ್ ನಕ್ಷೆ ನೋಡುತ್ತದೆ, ಕಂಬಕ್ಕೆ ಎಷ್ಟು ಕಬ್ಬಿಣ ಹಾಕಿದರು ಅಂತ ನೋಡುವುದಿಲ್ಲ. ಕಚೇರಿಯಲ್ಲಿ ಉಳಿದ ಸಮಯವನ್ನು ಅಧಿಕಾರಿಗಳು ಜಾಗಕ್ಕೆ ಬಂದು ನೋಡಲು ಬಳಸಲಿ. ಪಾಯಾ ಹಾಕುವಾಗ ಒಮ್ಮೆ, ಸ್ಲ್ಯಾಬ್ ಹಾಕುವಾಗ ಒಮ್ಮೆ. ನಕ್ಷೆ ಕೈಯಲ್ಲಿದ್ದರೆ ಮನೆಯವರೂ ಪಕ್ಕದಲ್ಲಿ ನಿಂತು ಕೇಳಬಹುದು, ಅಲ್ವಾ?

ಕಾಕಾನ ಉತಾರದಲ್ಲಿ ಅಡ್ಡಹೆಸರು ಸೇರಿಸಲು ಭಾನುವಾರ ನಾವಿಬ್ಬರೇ ಕೂತು ಅರ್ಜಿ ಹಾಕಿದೆವು. ಈ ಸಲ ಅವರದೇ ನಂಬರ್ ಕೊಟ್ಟೆವು. ಬಟನ್ ಫೋನಿಗೆ ಓಟಿಪಿ ಬಂತು. ಕನ್ನಡಕ ಏರಿಸಿ, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿದರು.