ಮೂತ್ರದಲ್ಲಿ ಪೊಟ್ಯಾಸಿಯಂ ಕಡಿಮೆ ಬಂದರೆ ಎಳನೀರೇ ಮದ್ದೆ? ಒಂದು ಸ್ಪಷ್ಟನೆ

ಮೂತ್ರ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂದರೆ ದೇಹದಲ್ಲೇ ಅದು ಬರಿದಾಗಿದೆ, ದಿನಕ್ಕೆರಡು ಎಳನೀರು ಕುಡಿಯಿರಿ ಎಂಬ ಸಂದೇಶವೊಂದು ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು; ಕೆಲವರಿಗೆ ಅಪಾಯಕಾರಿಯೂ ಹೌದು.

ಮೂತ್ರದ ಅಂಕಿಯು ಮೂತ್ರಪಿಂಡಗಳು ಎಷ್ಟು ಪೊಟ್ಯಾಸಿಯಂ ಹೊರಹಾಕುತ್ತಿವೆ ಎಂಬುದನ್ನಷ್ಟೇ ಹೇಳುತ್ತದೆ. ರಕ್ತದಲ್ಲಿಯೂ ಅದು ಲೀಟರಿಗೆ 3.5 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ, ಮೂತ್ರಪಿಂಡಗಳು ಉಳಿದದ್ದನ್ನು ಕಾಪಾಡಿಕೊಳ್ಳುತ್ತಿವೆ ಎಂದೂ, ನಷ್ಟವು ಬಹುಪಾಲು ದೀರ್ಘಕಾಲದ ಭೇದಿ, ಮಲಬದ್ಧತೆಗೆ ನುಂಗುವ ಭೇದಿಮಾತ್ರೆಗಳ ಅತಿಬಳಕೆ ಅಥವಾ ತೀರ ಕಡಿಮೆ ಆಹಾರದಿಂದ ಆಗಿದೆ ಎಂದೂ ವೈದ್ಯರು ಊಹಿಸುತ್ತಾರೆ. ಆದರೆ ಮೂತ್ರಪಿಂಡ ವೈಫಲ್ಯ, ಪೊಟ್ಯಾಸಿಯಂ ಹೊರಹಾಕಿಸುವ, ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಹಾರ್ಮೋನಿನ ಕೊರತೆ, ರಕ್ತದೊತ್ತಡ ಅಥವಾ ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಇಲ್ಲವೇ ರಾಮಿಪ್ರಿಲ್‌ನಂತಹ ಮಾತ್ರೆಗಳು ಕಾರಣವಾಗಿದ್ದರೆ, ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿಯೇ ಏರುತ್ತಿರಬಹುದು. ಅಂಥವರು ಎಳನೀರು, ಬಾಳೆಹಣ್ಣು ಹೆಚ್ಚಿಸಿಕೊಂಡರೆ ಹೃದಯದ ಬಡಿತವೇ ಏರುಪೇರಾಗಬಹುದು; ಸಂದೇಶ ಕಳಿಸುವವರು ದಯವಿಟ್ಟು ಇದನ್ನು ಗಮನಿಸಬೇಕು.

ಕಾಯಿಲೆಯೇ ಇಲ್ಲದೆಯೂ ಅಂಕಿ ಇಳಿಯುವುದುಂಟು. 24 ಗಂಟೆಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಸಂಗ್ರಹಿಸಿ ಮಾಡುವ ಪರೀಕ್ಷೆಯಲ್ಲಿ ಸಾಮಾನ್ಯ ಮಿತಿ ಸುಮಾರು 25ರಿಂದ 125 ಮಿಲಿಮೋಲ್. ಡೊಂಬಿವಲಿಯ ನಮ್ಮ ನೆರೆಯವರೊಬ್ಬರಿಗೆ 16 ಬಂದು ಮನೆಯವರೆಲ್ಲ ಗಾಬರಿಯಾಗಿದ್ದರು. ವಿಚಾರಿಸಿದಾಗ, ಕ್ಯಾನನ್ನು ಮನೆಯಲ್ಲೇ ಬಿಟ್ಟು ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗಿದ್ದ ಅವರು ಸಂಜೆಯವರೆಗಿನ ಮೂತ್ರವನ್ನು ಸಂಗ್ರಹಿಸಿಯೇ ಇರಲಿಲ್ಲ. ರಜೆಯ ದಿನ ಪೂರ್ತಿ ಸಂಗ್ರಹಿಸಿ ಕೊಟ್ಟಾಗ 43 ಬಂತು.

ಆದ್ದರಿಂದ ಈ ವರದಿಯನ್ನು ರಕ್ತದ ಪೊಟ್ಯಾಸಿಯಂ ಮತ್ತು (ಮೂತ್ರಪಿಂಡಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ತೋರಿಸುವ) ಕ್ರಿಯಾಟಿನಿನ್ ವರದಿಗಳೊಂದಿಗೆ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ಅವರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.